ಹತ್ತು ಕೋಟಿ ಒಂದು

ನಮ್ಮ ಮನೆಯಲ್ಲಿ ಹದಿನಾರರ ಮಗ್ಗಿ ಮುಗಿದ ಕೂಡಲೇ ಹದಿನೆಂಟರ ಮಗ್ಗಿ ಶುರುವಾಗುತ್ತಿತ್ತು. ನಡುವಿನ ಹದಿನೇಳನ್ನು ಯಾರೂ ಹೇಳುತ್ತಿರಲಿಲ್ಲ. ಹೇಳಬೇಡಿ ಎಂದು ಯಾರೂ ತಾಕೀತು ಮಾಡಿದ್ದೂ ಇಲ್ಲ. ಸಿರುಗುಪ್ಪದ ಆ ಮನೆಯಲ್ಲಿ ದೀಪ ಹಚ್ಚಿದ ಮೇಲೆ ನಾನೂ ತಮ್ಮನೂ ಗೋಡೆಗೆ ಬೆನ್ನು ಕೊಟ್ಟು ಕೂತು ರಾಗವಾಗಿ ಮಗ್ಗಿ ಒಪ್ಪಿಸುತ್ತಿದ್ದೆವು. ಹದಿನಾರ್ಹತ್ಲೆ ನೂರಾ ಅರವತ್ತು ಎಂದು ಉಸಿರು ಬಿಟ್ಟು, ಮತ್ತೆ ಉಸಿರೆಳೆದುಕೊಂಡು ಹದಿನೆಂಟೊಂದ್ಲೆ ಹದಿನೆಂಟು ಎನ್ನುತ್ತಿದ್ದೆವು. ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆ ಎಂದುಕೊಂಡಿದ್ದೆ.

ಮೂರನೇ ಕ್ಲಾಸಿನಲ್ಲಿ ಟೀಚರು ನನ್ನನ್ನು ಎಬ್ಬಿಸಿ ಹದಿನೇಳರ ಮಗ್ಗಿ ಹೇಳು ಎಂದರು. ನಾನು ಬಾಯಿ ತೆರೆದು ಹಾಗೇ ನಿಂತೆ. ಅಪ್ಪ ಅದೇ ಊರಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ಗಣಿತದ ಮಾಸ್ತರ ಮಗಳಿಗೆ ಮಗ್ಗಿ ಬರುವುದಿಲ್ಲ ಎಂದು ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೆ ಚಿಕ್ಕಂದಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಮನೆಗೆ ಬಂದವಳೇ ಪಾಟೀಚೀಲ ಎಸೆದು, “ನಮಗ್ಯಾಕ ಹದಿನೇಳರ ಮಗ್ಗಿ ಕಲಿಸಿಲ್ಲ?” ಎಂದು ಅಪ್ಪನ ಮೇಲೆ ಕೂಗಾಡಿದೆ. ಅಕ್ಕಿ ಹಸನು ಮಾಡುತ್ತಿದ್ದ ಅವ್ವ ಮೊರವನ್ನು ಕೆಳಗಿಟ್ಟು ಸುಮ್ಮನೆ ಎದ್ದು ಹಿತ್ತಲಿಗೆ ಹೋದಳು. ಅವಳು ಬಹಳ ಹೊತ್ತು ಒಳಗೆ ಬರಲಿಲ್ಲ.

ಅಪ್ಪ ನನ್ನನ್ನು ಕಾಲುವೆ ದಂಡೆಗೆ ಕರೆದುಕೊಂಡು ಹೋದರು. ಆಚೆ ಗದ್ದೆಯಲ್ಲಿ ಹೆಂಗಸರು ನಾಟಿ ಮಾಡುತ್ತಿದ್ದರು. ನನಗಿಂತ ಮೊದಲು ಒಬ್ಬಳು ಅಕ್ಕ ಇದ್ದಳೆಂಬುದು ನನಗೆ ಗೊತ್ತಾದದ್ದು ಅವತ್ತು. ನಾನು ತೊಟ್ಟಿಲಲ್ಲಿದ್ದಾಗ ಅವಳಿಗೆ ಜ್ವರ ಬಂತಂತೆ. ಜ್ವರ ತಲೆಗೇರಿ ಏನೇನೋ ಬಡಬಡಿಸತೊಡಗಿದಳಂತೆ. ಬುದ್ಧಿ ನೆಟ್ಟಗಿದೆಯೋ ಇಲ್ಲವೋ ನೋಡಲು ಅಪ್ಪ ಪಕ್ಕದಲ್ಲಿ ಕೂತು ಮಗ್ಗಿ ಹೇಳಿಸಿದರು. ಅವಳು ಸಣ್ಣ ದನಿಯಲ್ಲಿ ಒಂದೊಂದಾಗಿ ಹೇಳುತ್ತಾ ಹೋದಳು. ಹದಿನೇಳಕ್ಕೆ ಬಂದು, ಆರ್ಲೆ ನೂರಾ ಎರಡು ಎಂದು, ಏಳ್ಲೆ ಎಂದು ನಿಂತಳು. ಅಪ್ಪ ಕಾದರು. ಕಾಲು ಒತ್ತುತ್ತಾ ಕೂತಿದ್ದ ಅವ್ವನೂ ಕಾದಳು. ಬೆಳಗಾಗುವಷ್ಟರಲ್ಲಿ ಅಕ್ಕ ಇರಲಿಲ್ಲ.

“ನೀ ಸಾಲ್ಯಾಗ ಕಲಕೋ. ಮನ್ಯಾಗ ಬ್ಯಾಡ,” ಎಂದರು ಅಪ್ಪ. ವಾಪಸು ಬರುವಾಗ ನನ್ನ ಕೈ ಬಿಡಲೇ ಇಲ್ಲ.

ಅಂದಿನಿಂದ ನಾನೂ ಆ ಮನೆಯ ಕಾಯಿದೆಗೆ ಸೇರಿದೆ. ಅವ್ವನ ಬಾಯಲ್ಲಿ ಆ ಅಂಕಿಯ ಹೆಸರು ನಾನು ಒಮ್ಮೆಯೂ ಕೇಳಲಿಲ್ಲ. ಕ್ಯಾಲೆಂಡರಿನಲ್ಲಿ ಆ ತಾರೀಖು ಬಂದರೆ ‘ಹದಿನಾರರ ಮರುದಿನ’ ಎನ್ನುತ್ತಿದ್ದಳು. ನನಗೆ ಅಷ್ಟು ವಯಸ್ಸು ತುಂಬಿದಾಗ, ಮಗಳಿಗೆಷ್ಟು ವಯಸ್ಸು ಎಂದು ಕೇಳಿದವರಿಗೆಲ್ಲ ಇಡೀ ವರ್ಷ “ಹದಿನಾರು ಮುಗದಾವ” ಎಂದೇ ಹೇಳಿದಳು. ಅಪ್ಪನ ಹತ್ತಿರ ಮನೆಪಾಠಕ್ಕೆ ಬರುವ ಹುಡುಗರೂ ಇದನ್ನು ಹೇಗೋ ಅರಿತುಕೊಂಡಿದ್ದರು. ಹೊಸದಾಗಿ ಬಂದವನೇನಾದರೂ ಮರೆತು ಶುರುಮಾಡಿದರೆ ಪಕ್ಕದವನು ತೊಡೆಗೆ ಚಿವುಟುತ್ತಿದ್ದ.

ನಾನು ಗಣಿತವನ್ನೇ ಓದಿ, ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರೇ ಆದೆ. ಅಲ್ಲೇ ಮದುವೆ, ಮನೆ, ಮಕ್ಕಳು. ಇಷ್ಟು ವರ್ಷ ಪಾಠ ಮಾಡಿದರೂ ಹದಿನೇಳು ಬಂದಾಗ ಮಕ್ಕಳಿಗೆ “ಇದು ನೀವೇ ಹೇಳ್ರಿ” ಎಂದು ಬೋರ್ಡು ಒರೆಸಲು ತಿರುಗುತ್ತಿದ್ದೆ. ಬಿಸಿಲಿಗೆ ಹೆಸರಾದ ಊರಿನಲ್ಲಿ ತಗಡಿನ ಸೂರಿನ ಕೆಳಗೆ ನಿಂತು ಭಾಗಾಕಾರ ಹೇಳಿಕೊಡುವವಳಿಗೆ ಸಿಟ್ಟು ಬರುವುದು ಸಹಜ. ಮಕ್ಕಳು ನನಗೆ ಹೆದರುತ್ತಿದ್ದರು. ಆ ಹೆದರಿಕೆಯಿಂದಾಗಿಯೋ ಏನೋ, ನಾನೊಮ್ಮೆಯೂ ಅದನ್ನು ಬಾಯಿಬಿಟ್ಟು ಹೇಳದಿರುವುದೇಕೆಂದು ಯಾರೂ ಕೇಳಲಿಲ್ಲ.

ಅಪ್ಪ ನಿವೃತ್ತಿಯಾದ ಹೊಸದರಲ್ಲಿ ಮನೆಯಲ್ಲಿ ಅವರನ್ನು ಸಂಭಾಳಿಸುವುದೇ ಕಷ್ಟವಾಯಿತು. ನಲವತ್ತು ಮಕ್ಕಳ ಮುಂದೆ ಮಾತಾಡಿ ಅಭ್ಯಾಸವಾದ ಬಾಯಿ. ಅದನ್ನೆಲ್ಲ ಅವ್ವನ ಅಡುಗೆಮನೆಯಲ್ಲಿ ಖರ್ಚುಮಾಡತೊಡಗಿದರು. ಸಾರಿಗೆ ಉಪ್ಪು ಹಾಕುವುದಕ್ಕೂ ಒಂದು ಅನುಪಾತ ಹೇಳುವರು. “ಏನಾರ ಒಂದು ಕೆಲಸ ಹಚ್ಚವ್ವಾ ನಿಮ್ಮಪ್ಪಗ, ನನ್ನ ತಲಿ ಹೋಳಾಗಾಕ ಹತ್ತೇತಿ,” ಎಂದು ಅವ್ವ ನನಗೆ ದೂರು ಕೊಟ್ಟಳು. ಒಂದು ಭಾನುವಾರ ಹೋದಾಗ ನಾನು ಅವರಿಗೊಂದು ಸಂಖ್ಯೆ ಕೊಟ್ಟೆ.

ಮೊದಲಿಗೊಂದು ಒಂದು, ಕೊನೆಗೊಂದು ಒಂದು, ನಡುವೆ ಬರೀ ಸೊನ್ನೆಗಳಿರುವ ಸಂಖ್ಯೆಗಳ ಸಾಲು ಅದು. ನಮ್ಮ ಮನೆಯಲ್ಲಿ ಸಂಖ್ಯೆಗಳನ್ನು ‘ಒಡೆಯುವುದು’ ಎನ್ನುತ್ತಾರೆ. ಯಾವ ಸಂಖ್ಯೆಯಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲವೋ ಅದು ಅದನ್ನು ಒಡೆಯಿತು. ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಯಾವುದಕ್ಕೂ ಒಡೆಯದಿದ್ದರೆ ಅದು ಅವಿಭಾಜ್ಯ. ಹನ್ನೊಂದು ಒಡೆಯುವುದಿಲ್ಲ. ನೂರಾ ಒಂದೂ ಒಡೆಯುವುದಿಲ್ಲ. ಸಾವಿರದ ಒಂದನ್ನು ಏಳು ಒಡೆಯುತ್ತದೆ. ಹತ್ತು ಸಾವಿರದ ಒಂದು ಗಟ್ಟಿ ಕಾಣುತ್ತದೆ, ಆದರೆ ಎಪ್ಪತ್ತಮೂರರ ಮುಂದೆ ನಿಲ್ಲುವುದಿಲ್ಲ. ಲಕ್ಷದ ಒಂದನ್ನು ಹನ್ನೊಂದು, ಹತ್ತು ಲಕ್ಷದ ಒಂದನ್ನು ನೂರಾ ಒಂದು, ಕೋಟಿ ಒಂದನ್ನು ಮತ್ತೆ ಹನ್ನೊಂದು ಒಡೆಯುತ್ತವೆ. ಇಲ್ಲಿಯವರೆಗೆ ನಾನೇ ಮಾಡಿದ್ದೆ. ಮುಂದಿನದು ಹತ್ತು ಕೋಟಿ ಒಂದು. ನನ್ನ ಕ್ಯಾಲ್ಕುಲೇಟರಿನಲ್ಲಿ ಎಂಟು ಅಂಕಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ, ಕೈಯಿಂದ ಮಾಡಲು ಸಂಸಾರಸ್ಥೆಗೆ ಪುರುಸೊತ್ತಿರಲಿಲ್ಲ. “ಇದು ಒಡೀತೈತೋ ಇಲ್ಲೋ ನೀವು ನೋಡ್ರಿ,” ಎಂದೆ.

ಅಪ್ಪನ ಮುಖ ಅರಳಿತು. ಒಂದು ಸಂಖ್ಯೆ ಎರಡು ತುಂಡಾಗಿ ಒಡೆಯುವುದಾದರೆ, ಒಂದು ತುಂಡಾದರೂ ಅದರ ವರ್ಗಮೂಲಕ್ಕಿಂತ ಚಿಕ್ಕದಿರಲೇಬೇಕು. ಹತ್ತು ಕೋಟಿಯ ವರ್ಗಮೂಲ ಹತ್ತು ಸಾವಿರ. ಅಂದರೆ ಹತ್ತು ಸಾವಿರದೊಳಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು, ತೀರ್ಮಾನವಾಗುತ್ತದೆ. ಸಾಕು ಎಂದೆನಲ್ಲ, ಅವು ಸಾವಿರದ ಇನ್ನೂರರ ಮೇಲಿವೆ. “ಆಗಲಿ, ನನಗೇನು ಬಸ್ಸು ತಪ್ಪತೈತಿ?” ಎಂದು ಅಪ್ಪ ಅಟ್ಟದ ಮೇಲಿಂದ ಹಳೆಯ ಕಲ್ಲುಪಾಟಿ ಇಳಿಸಿದರು.

ದಿನಾ ಸಂಜೆ ಪಡಸಾಲೆಯಲ್ಲಿ ಅದು ನಡೆಯುತ್ತಿತ್ತು. ಅಪ್ಪ ಕಂಬಕ್ಕೊರಗಿ ಪಾಟಿ ತೊಡೆಯ ಮೇಲಿಟ್ಟುಕೊಳ್ಳುವರು. ಎದುರಿಗೆ ಅವ್ವ ಹೂಬತ್ತಿ ಹೊಸೆಯುತ್ತಲೋ ಅಕ್ಕಿ ಆರಿಸುತ್ತಲೋ ಕೂರುವಳು. ಅಪ್ಪನಿಗೆ ಮನಸ್ಸಿನಲ್ಲೇ ಲೆಕ್ಕ ಮಾಡಲು ಬರುತ್ತಿರಲಿಲ್ಲ, ಕ್ಲಾಸಿನಲ್ಲಿ ಮಾಡಿದ ಹಾಗೆ ಎಲ್ಲವನ್ನೂ ಗಟ್ಟಿಯಾಗಿ ಹೇಳಬೇಕು. ಭಾಗಿಸುವ ಸಂಖ್ಯೆ ಹೇಳುವರು, ಅದರ ಮಗ್ಗಿ ಹೇಳುವರು, ಬಳಪ ಕಿರುಗುಡುವುದು. ಕೊನೆಗೆ ಅವ್ವ ಕೇಳುವಳು:

“ಉಳೀತಾ?”

“ಉಳೀತು. ಹತ್ತು.”

“ಉಳೀಲಿ ಬಿಡ್ರಿ.”

ಪಾಟಿ ಒರೆಸಿ ಮುಂದಿನದು. ನಾನು ಹೋದಾಗಲೆಲ್ಲ ಇದನ್ನು ನೋಡುತ್ತಾ ಕೂರುತ್ತಿದ್ದೆ. ಅಕ್ಕ ಸತ್ತ ಮೇಲೆ ಅವರಿಬ್ಬರೂ ಎದುರು ಬದುರು ಕೂತು ಹೀಗೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಒಂದೇ ಮನೆಯಲ್ಲಿ ಇದ್ದರು, ಜಗಳವೂ ಇರಲಿಲ್ಲ, ಆದರೆ ಮಾತು ಬೇಕಾದಷ್ಟೇ. ಈಗ ಹತ್ತು ಕೋಟಿ ಒಂದು ಅವರ ನಡುವೆ ಬಂದು ಕೂತಿತ್ತು. ಅವ್ವನಿಗೆ ಓದು ಬರುವುದಿಲ್ಲ, ಅಂಕಿಗಳ ಗುರುತು ಮಾತ್ರ ಉಂಟು. ಒಮ್ಮೆ ಪಾಟಿಯ ಮೇಲಿನ ಸಂಖ್ಯೆಯನ್ನು ಬಗ್ಗಿ ನೋಡಿ, “ಆ ಕಡಿ ಒಂದು, ಈ ಕಡಿ ಒಂದು, ನಡುವ ಬರೇ ಸೊನ್ನಿ. ನಮ್ಮಿಬ್ಬರ ಹಂಗ ಐತಿ ನೋಡ್ರಿ ಇದು,” ಎಂದಳು. ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ.

ಮಳೆಗಾಲ ಕಳೆಯಿತು, ಎರಡು ಬೆಳೆ ಮನೆಗೆ ಬಂದವು, ಅಪ್ಪ ನಿಲ್ಲಿಸಲಿಲ್ಲ. ಹತ್ತು ಸಾವಿರದೊಳಗಿನ ಕೊನೆಯ ಅವಿಭಾಜ್ಯ ಒಂಬತ್ತು ಸಾವಿರದ ಒಂಬೈನೂರ ಎಪ್ಪತ್ತಮೂರು. ಅದನ್ನು ಹಾಕಿದ ದಿನ ನನಗೆ ಮೊದಲೇ ಫೋನು ಮಾಡಿ ಕರೆಸಿಕೊಂಡಿದ್ದರು. ಏಳುನೂರ ಮೂವತ್ತು ಉಳಿಯಿತು. ಅವ್ವ ಹೋಳಿಗೆ ಮಾಡಿದ್ದಳು. ತಮ್ಮ ತನ್ನ ಪಂಪ್‌ಸೆಟ್ ರಿಪೇರಿ ಅಂಗಡಿ ಬೇಗ ಮುಚ್ಚಿ ಬಂದಿದ್ದ.

“ಹಂಗಾರ ಇದು ಒಡಿಯೂದಿಲ್ಲ ಅಂತಾಯ್ತಲ್ಲಪ್ಪಾ,” ಎಂದೆ.

ಅಪ್ಪ ಪಾಟಿ ಒರೆಸುತ್ತಾ, “ನೋಡಿದ್ರಾಗ ಯಾವುದೂ ಒಡೀಲಿಲ್ಲವಾ,” ಎಂದರು.

ದೊಡ್ಡವರ ವಿನಯ ಎಂದುಕೊಂಡು ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ. ಅಂದಿನಿಂದ ಹತ್ತು ಕೋಟಿ ಒಂದು ನಮ್ಮ ಮನೆಯ ಸಂಖ್ಯೆಯಾಯಿತು. ಯಾರಾದರೂ ಹಟ ಹಿಡಿದರೆ “ಹತ್ತು ಕೋಟಿ ಒಂದು ಬಿಡು ಅವ” ಎನ್ನುವುದು ರೂಢಿಯಾಯಿತು. ನಾನು ಕ್ಲಾಸಿನಲ್ಲಿ ಹೇಳಿಕೊಟ್ಟ ಹುಡುಗರಿಗೂ ಅಪ್ಪನ ಮೊಮ್ಮಕ್ಕಳಿಗೂ ಅದು ಒಡೆಯಲಾರದ ಸಂಖ್ಯೆ. ಅವ್ವನಂತೂ ಅದನ್ನು ಅಪ್ಪ ಕಟ್ಟಿಸಿದ ಮನೆಯೇನೋ ಎಂಬಂತೆ ಬಂದವರಿಗೆಲ್ಲ ಹೇಳುತ್ತಿದ್ದಳು.

ಹೋದ ವರ್ಷ ಅಪ್ಪ ತೀರಿಕೊಂಡರು. ವಯಸ್ಸಾಗಿತ್ತು, ನರಳಲಿಲ್ಲ. ನಮ್ಮಲ್ಲಿ ಹೂಳುವ ಪದ್ಧತಿ. ಅಪ್ಪನ ಹುಟ್ಟೂರು ಕುರುಗೋಡು. ಅಲ್ಲಿ ಗುಡ್ಡದ ಬುಡಕ್ಕೆ ನಮ್ಮದೊಂದು ಹೊಲವಿದೆ. ಹಿರಿಯರೆಲ್ಲ ಅಲ್ಲೇ ಮಲಗಿದ್ದಾರೆ, ಅಪ್ಪನನ್ನೂ ಅಲ್ಲೇ ಮಲಗಿಸಿದೆವು. ಅಕ್ಕನೂ ಅಲ್ಲೇ ಇದ್ದಾಳೆ. ಆದರೆ ಮಕ್ಕಳಿಗೆ ಸಮಾಧಿ ಕಟ್ಟುವ ರೂಢಿ ನಮ್ಮಲ್ಲಿಲ್ಲ. ಒಂದು ಬೇವಿನ ಮರದ ಪಕ್ಕ ಎಂದು ಅವ್ವನಿಗೆ ಗೊತ್ತು, ಅಷ್ಟೆ.

ವರ್ಷದ ಪೂಜೆಗೆ ಮೊದಲು ಸಮಾಧಿಗೆ ಕಲ್ಲು ನಿಲ್ಲಿಸಬೇಕಿತ್ತು. ಏನು ಕೆತ್ತಿಸೋಣ ಎಂದು ತಮ್ಮ ಕೇಳಿದಾಗ ಅವ್ವ ಯೋಚನೆ ಮಾಡದೆ ಹೇಳಿದಳು.

“ಹೆಸರು ಏನು ಬರಸ್ತೀರಿ, ಊರಾಗ ಎಲ್ಲಾರಿಗೂ ಗೊತ್ತೈತಿ. ಆ ಅಂಕಿ ಹಾಕಿಸ್ರಿ. ಅದರ ಕೆಳಗ, ಒಡೀಲಾರದ್ದು ಅಂತ ಬರಸ್ರಿ.”

ಕಲ್ಲು ಕೆತ್ತುವವನಿಗೆ ಕೊಡಲು ಅದನ್ನು ನೀಟಾಗಿ ಬರೆದುಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು.

ಬಳ್ಳಾರಿಯ ಮನೆಯಲ್ಲಿ ಒಂದು ಮಧ್ಯಾಹ್ನ ಬಿಳಿ ಹಾಳೆ ತೆಗೆದುಕೊಂಡು ಕೂತೆ. ದೊಡ್ಡ ಅಕ್ಷರದಲ್ಲಿ ಸಂಖ್ಯೆ ಬರೆದೆ. ನಮ್ಮ ಕಸುಬಿನವರಿಗೆ ಒಂದು ಚಟವಿದೆ, ಯಾವುದೇ ಉತ್ತರವನ್ನು ತಾಳೆ ನೋಡದೆ ಕೈಬಿಡಲಾಗುವುದಿಲ್ಲ. ಕಲ್ಲಿನ ಮೇಲೆ ಹೋಗುವುದು, ಒಂದೆರಡಾದರೂ ನೋಡಿಬಿಡೋಣ ಎಂದು ಹಾಳೆಯ ಹಿಂದೆ ಭಾಗಿಸತೊಡಗಿದೆ. ಮೂರು, ಎರಡು ಉಳಿಯಿತು. ಏಳು, ಮೂರು ಉಳಿಯಿತು. ಹನ್ನೊಂದು, ಎರಡು. ಹದಿಮೂರು, ಹತ್ತು. ಹತ್ತೊಂಬತ್ತು, ಹದಿನೆಂಟು ಉಳಿಯಿತು. ಇಪ್ಪತ್ತಮೂರು ಎಂದು ಬರೆಯುವಾಗ ಪೆನ್ನು ನಿಂತಿತು.

ಹದಿಮೂರಾದ ಮೇಲೆ ನನ್ನ ಕೈ ತಾನಾಗಿ ಹತ್ತೊಂಬತ್ತಕ್ಕೆ ಹಾರಿತ್ತು. ಅಪ್ಪ ಇದನ್ನು ಮಾಡಿದ್ದು ಶಾಲೆಯಲ್ಲಲ್ಲ, ನಮ್ಮ ಪಡಸಾಲೆಯಲ್ಲಿ, ಅವ್ವನ ಎದುರಿಗೆ, ಗಟ್ಟಿಯಾಗಿ ಮಗ್ಗಿ ಹೇಳುತ್ತಾ.

ಹದಿನೇಳನ್ನು ಹಾಕಿದೆ. ಏಳು ಸಾಲಿನ ಲೆಕ್ಕ. ಏನೂ ಉಳಿಯಲಿಲ್ಲ.

ಇನ್ನೊಮ್ಮೆ ಮಾಡಿದೆ. ಅಷ್ಟೇ ಬಂತು. ಸಾವಿರದ ಇನ್ನೂರಕ್ಕೂ ಮಿಕ್ಕಿದ ಅವಿಭಾಜ್ಯಗಳಲ್ಲಿ ಆ ಸಂಖ್ಯೆಯನ್ನು ಒಡೆಯುವುದು ಒಂದೇ ಒಂದು. ಅಪ್ಪ ಬಿಟ್ಟದ್ದೂ ಅದೊಂದನ್ನೇ. ಬೇರೆ ಯಾರ ಮನೆಯ ಗಣಿತದ ಮಾಸ್ತರಾಗಿದ್ದರೂ ಮೊದಲ ಸಂಜೆಯೇ ಕೆಲಸ ಮುಗಿದು ಮರುದಿನದಿಂದ ಮತ್ತೆ ಉಪ್ಪಿನ ಅನುಪಾತ ಹೇಳುತ್ತಿದ್ದರು. ನನಗೆ ಮೊದಲು ಬಂದದ್ದು ಸಿಟ್ಟು. ಗೊತ್ತಿದ್ದೂ ಎಲ್ಲರ ಮುಂದೆ ಸುಮ್ಮನಿದ್ದರಲ್ಲ, ನನ್ನಿಂದ ಇಷ್ಟು ಮಕ್ಕಳಿಗೆ ಸುಳ್ಳು ಹೇಳಿಸಿದರಲ್ಲ ಎಂದು. ಆಮೇಲೆ ಅವರ ಮಾತು ನೆನಪಾಯಿತು. ನೋಡಿದ್ದರಲ್ಲಿ ಯಾವುದೂ ಒಡೆಯಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ. ಟೇಬಲ್ಲಿಗೆ ಹಣೆ ಕೊಟ್ಟು ಅತ್ತೆ. ಹೊಲದಲ್ಲಿ ಮಣ್ಣು ಹಾಕುವಾಗಲೂ ಅಷ್ಟು ಅತ್ತಿರಲಿಲ್ಲ.

ತಮ್ಮನಿಗೆ ಫೋನು ಮಾಡಿದೆ. ಹಿಂದೆ ಮೋಟರಿನ ಸದ್ದು ಕೇಳುತ್ತಿತ್ತು.

“ಅಕ್ಕಾ, ಸಮಾಧಿ ಮುಂದ ಕುಂತು ಯಾರು ಭಾಗಾಕಾರ ಮಾಡತಾರ? ಸುಮ್ನ ಕೆತ್ತಸು.”

“ಒಡೀಲಾರದ್ದು ಅಂತ ಸುಳ್ಳು ಬರಸ್ಲೇನೋ? ಅದೂ ಅಪ್ಪನ ಕಲ್ಲಿನ ಮ್ಯಾಲೆ?”

“ಬರಿಸಬ್ಯಾಡ, ಬಿಡು. ಆದ್ರ ಯಾಕ ಬಿಟ್ಟಿ ಅಂತ ಅವ್ವ ಕೇಳಿದ್ರ ಏನಂತಿ? ಆಕಿಗೆ ಉಳದಿದ್ದು ಅದೊಂದು. ಯಾವ ಅಂಕಿಗೆ ಒಡೀತು ಅಂತ ಹೇಳತಿ? ಹೇಳು ನೋಡೂಣು.”

ಹೇಳಿದರೆ ಅವ್ವ ಎರಡು ಸಲ ಕಳೆದುಕೊಳ್ಳುತ್ತಾಳೆ. ಗಂಡ ಮಾಡಿದ ದೊಡ್ಡ ಕೆಲಸ ಹೋಗುತ್ತದೆ, ಅದನ್ನು ಕೆಡಿಸಿದ್ದು ಮಗಳು ಸತ್ತ ಅಂಕಿ, ಅಂದರೆ ತನ್ನ ದುಃಖವೇ, ಎಂದೂ ತಿಳಿಯುತ್ತದೆ. ಹೇಳದಿದ್ದರೆ, ಜೀವಮಾನವಿಡೀ ತಪ್ಪು ಲೆಕ್ಕಕ್ಕೆ ಕೆಂಪು ಗೆರೆ ಎಳೆದವಳು ಅಪ್ಪನ ತಲೆಯ ಮೇಲೆ ತಪ್ಪೊಂದನ್ನು ಕಲ್ಲಿನಲ್ಲಿ ನಿಲ್ಲಿಸಬೇಕು. ಸಿರುಗುಪ್ಪದ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಹತ್ತು ಬಗೆಯ ಮಾತು ಕಟ್ಟಿದೆ. ಬಸ್ಸು ಇಳಿಯುವಾಗ ಒಂದೂ ನೆನಪಿರಲಿಲ್ಲ.

ಅವ್ವ ಅದೇ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ಕಂಬದ ಕೆಳಗೆ ಅಪ್ಪನ ಜಾಗ ಖಾಲಿ. ನೀರು ಕೊಟ್ಟು, ಊಟ ಹಾಕಿ, ಬರೆದುಕೊಂಡು ಬಂದೆಯಾ ತೋರಿಸು ಎಂದಳು. ಹಾಳೆ ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ಸೊನ್ನೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಕೆಳಗೆ ಖಾಲಿ ಇರುವುದು ಅವಳಿಗೆ ಕಂಡಿತು.

“ಕೆಳಗಿಂದು ಬರದಿಲ್ಲ?”

“ಬರೀತೀನವ್ವ…” ಎಂದು ರಾಗ ಎಳೆದೆ.

ಅವ್ವ ನನ್ನ ಮುಖವನ್ನೇ ನೋಡಿದಳು. ನಂತರ ಎದ್ದು ಒಳಗೆ ಹೋಗಿ ಕಲ್ಲುಪಾಟಿ ತಂದು ನನ್ನ ತೊಡೆಯ ಮೇಲಿಟ್ಟಳು. ಬಳಪದ ತುಂಡೊಂದನ್ನೂ ಇಟ್ಟಳು.

“ಕಲ್ಲಿಗೆ ಉಳಿ ಹಚ್ಚೂದಕಿಂತ ಮೊದ್ಲ ಆ ಒಂದು ಹಾಕಿ ನೋಡಿಬಿಡು,” ಎಂದಳು.

“ಯಾವುದವ್ವಾ?”

“ಗೊತ್ತಿದ್ದೂ ಕೇಳಬ್ಯಾಡ.”

ಅವ್ವ ಬತ್ತಿಯ ಹತ್ತಿಯನ್ನು ಮತ್ತೆ ಕೈಗೆತ್ತಿಕೊಂಡಳು.

“ನಾ ಓದಿಲ್ಲ ಖರೆ, ಕಿವುಡಿ ಅಲ್ಲ. ಹದಿಮೂರು ಆತು, ಹತ್ತೊಂಬತ್ತು ಅಂದ್ರು. ಮೊದಲ್ನೇ ದಿನಾನ ತಿಳೀತು ನನಗ. ನಾ ಎದುರಿಗೆ ಕುಂತೀನಿ ಅಂತ ಬಿಟ್ರು. ನಾ ಎದ್ದು ಹೋಗಿದ್ರ ಹಾಕಿ ನೋಡತಿದ್ರೇನೋ. ನಾ ಏಳಲಿಲ್ಲ. ಎದ್ದು ಹೋದ್ರ ಆ ಸಂಜೀ ಮತ್ತ ಬರೂದಿಲ್ಲ ಅಂತ ಹೆದರಿಕಿ ಆತು ನನಗ. ಹಾಕು ಈಗ. ಅವರ ಹಂಗ ಗಟ್ಟಿಯಾಗಿ ಅನ್ನು.”

ನಾನು ಪಾಟಿಯ ಮೇಲೆ ಸಂಖ್ಯೆ ಬರೆದು ಗೆರೆ ಎಳೆದೆ. ಆ ಮನೆಯಲ್ಲಿ ಆ ಮಗ್ಗಿಯನ್ನು ಬಾಯಿಬಿಟ್ಟು ಹೇಳಿ ನನಗೆ ಗೊತ್ತಿರಲಿಲ್ಲ. ನೂರರೊಳಗೆ ಐದ್ಲೆ ಎಂಬತ್ತೈದು. ಹದಿನೈದು ಉಳಿಯಿತು, ಸೊನ್ನೆ ಇಳಿಸಿದರೆ ನೂರೈವತ್ತು. ಈಗ ಎಂಟ್ಲೆ ಬೇಕು. ಅಕ್ಕ ಏಳ್ಲೆಗೇ ನಿಂತಿದ್ದಳು. ನನ್ನ ಬಾಯಿಯೂ ಅಲ್ಲಿಯೇ ನಿಂತಿತು, ಮುಂದಿನದು ಹೊರಡಲಿಲ್ಲ.

“ಎಂಟ್ಲೆ ನೂರಾ ಮೂವತ್ತಾರು,” ಎಂದಳು ಅವ್ವ.

ನಾನು ತಲೆಯೆತ್ತಿ ನೋಡಿದೆ. ಅವಳು ಬತ್ತಿ ಹೊಸೆಯುತ್ತಲೇ ಇದ್ದಳು.

“ಏಳ್ಲೆಯಿಂದ ಹತ್ಲೆ ತನಕ ನಾ ಅಂತೀನಿ, ದಿನಾ, ದೀಪ ಹಚ್ಚೂ ಮುಂದ. ಮನಸಿನ್ಯಾಗ. ಆಕಿ ಅರ್ಧಕ್ಕ ಬಿಟ್ಟಿದ್ದು ಯಾರಾರ ಮುಗಸಬೇಕಲ್ಲ. ನಡಿ, ಮುಂದ ಅನ್ನು.”

ಕಣ್ಣಿಗೆ ಪಾಟಿ ಕಾಣಿಸುತ್ತಿರಲಿಲ್ಲ. ನಾನು ಉಳಿದದ್ದು ಹೇಳಿದೆ, ಅವ್ವ ಮಗ್ಗಿ ಹೇಳಿದಳು. ಮತ್ತೆ ಎಂಟ್ಲೆ. ಎರಡ್ಲೆ ಮೂವತ್ನಾಲ್ಕು. ಮೂರ್ಲೆ ಐವತ್ತೊಂದು. ಐದ್ಲೆ ಎಂಬತ್ತೈದು. ಕೊನೆಗೆ ಐದು ಉಳಿದು, ತುದಿಯ ಒಂದು ಇಳಿದು ಐವತ್ತೊಂದಾಯಿತು. ಮೂರ್ಲೆ ಐವತ್ತೊಂದು.

“ಉಳೀತಾ?” ಎಂದು ಕೇಳಿದಳು.

“ಇಲ್ಲವ್ವ. ಏನೂ ಉಳೀಲಿಲ್ಲ.”

ಅವ್ವ ಅಳಬಹುದು, ಎದ್ದು ಹಿತ್ತಲಿಗೆ ಹೋಗಬಹುದು ಎಂದು ಕಾದೆ. ಅವಳು ಹೋಗಲಿಲ್ಲ. ಹೊಸೆದ ಬತ್ತಿಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಾ ಕೂತಳು.

“ಹಂಗಾರ ಆಕಿ ಅದರಾಗ ಇದ್ಲು,” ಎಂದಳು. “ನಡುವ ಬರೇ ಸೊನ್ನಿ ಅಂದಿದ್ನಿ ನಾ. ಅಷ್ಟೂ ದಿನ ನಮ್ಮಿಬ್ಬರ ನಡುವನ ಕುಂತಿದ್ಲು ನೋಡು.”

ಮತ್ತೆ ಸ್ವಲ್ಪ ಹೊತ್ತಿಗೆ ಕೇಳಿದಳು. “ಆಕಿನ್ನ ತಗದ್ರ ಏನು ಉಳೀತೈತಿ?”

“ಐವತ್ತೆಂಟು ಲಕ್ಷದ ಎಂಬತ್ತೆರಡು ಸಾವಿರದ ಮುನ್ನೂರ ಐವತ್ಮೂರು.”

“ಅದೂ ಒಡೀತೈತೇನು?”

ನಾನು ಇಲ್ಲ ಎನ್ನಲು ಬಾಯಿ ತೆರೆದವಳು, ಯಾಕೆ ಇಲ್ಲ ಎಂಬುದು ಹೊಳೆದು ಮತ್ತೆ ಪಾಟಿಯತ್ತ ಬಗ್ಗಿದೆ. ಈ ಸಂಖ್ಯೆಯನ್ನು ಬೇರೇನಾದರೂ ಒಡೆಯುವುದಾಗಿದ್ದರೆ ಅದು ಹತ್ತು ಕೋಟಿ ಒಂದನ್ನೂ ಒಡೆಯಬೇಕಿತ್ತು. ಅವೆಲ್ಲವನ್ನೂ ಅಪ್ಪ ಒಂದೊಂದಾಗಿ ಹಾಕಿ ನೋಡಿದ್ದರು, ಯಾವುದೂ ಒಡೆದಿರಲಿಲ್ಲ. ಉಳಿದದ್ದು ಹದಿನೇಳೇ ಇನ್ನೊಮ್ಮೆ. ಅದನ್ನು ಅಲ್ಲೇ ಹಾಕಿದೆ, ಹದಿಮೂರು ಉಳಿಯಿತು. ಅಷ್ಟು ಸಂಜೆಗಳ ಆ ಭಾಗಾಕಾರದಲ್ಲಿ ಒಂದು ಸಾಲೂ ದಂಡವಾಗಿರಲಿಲ್ಲ. ಅವರು ತಮಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಸಾಧಿಸಿದ್ದು ಬೇರೊಂದು ಸಂಖ್ಯೆಯನ್ನು. ಅವರು ಆಮೇಲ್ಯಾವಾಗಲಾದರೂ ಒಬ್ಬರೇ ಇದ್ದಾಗ ಹದಿನೇಳನ್ನು ಹಾಕಿ ನೋಡಿದ್ದರೇ? ನನಗೆ ಗೊತ್ತಿಲ್ಲ. ಪಾಟಿಯ ಮೇಲಿನದು ಒರೆಸಿಹೋಗುತ್ತದೆ.

“ಒಡಿಯೂದಿಲ್ಲವ್ವ. ಇದು ಖರೇನ ಒಡಿಯೂದಿಲ್ಲ. ಅಪ್ಪನೇ ನೋಡ್ಯಾರ ಅದನ್ನ,” ಎಂದೆ. ಹೇಳುವಾಗ ನನಗೆ ಹೆಮ್ಮೆಯಾಯಿತು, ಬಹಳ.

ಅವ್ವ ತಲೆಯಾಡಿಸಿದಳು. “ಅದನ್ನ ಅವರ ಕಲ್ಲಿಗೆ ಹಾಕ್ಸು. ಇನ್ನೊಂದು ಸಣ್ಣ ಕಲ್ಲು ಬೇಕು.”

ಮಕ್ಕಳಿಗೆ ಕಲ್ಲು ನಿಲ್ಲಿಸುವ ರೂಢಿ ಇಲ್ಲವಲ್ಲ ಎಂದು ತಮ್ಮ ಅಂಗಡಿಯಿಂದ ಬಂದವನು ಹೇಳಿನೋಡಿದ. “ರೂಢಿ ನಾವಽ ಮಾಡೂದು,” ಎಂದು ಅವ್ವ ಅವನ ತಟ್ಟೆಗೆ ಮತ್ತೊಂದು ರೊಟ್ಟಿ ಹಾಕಿದಳು. ಅಲ್ಲಿಗೆ ಮಾತು ಮುಗಿಯಿತು.

ಬಳ್ಳಾರಿಗೆ ಮರಳಿದ ಮೇಲೆ ನಾನು ಆ ಐವತ್ತೆಂಟು ಲಕ್ಷದ ಸಂಖ್ಯೆಯನ್ನು ಬಿಟ್ಟಿರಲಾರದೆ ಹೋದೆ. ಅಡುಗೆ ಮಾಡುವಾಗಲೂ ಕ್ಲಾಸಿನಲ್ಲೂ ಅದೇ. ಒಂದು ದಿನ ಅದನ್ನು ಸುಮ್ಮನೆ ಎರಡು ತುಂಡು ಮಾಡಿ ಬರೆದೆ, ಐದುನೂರ ಎಂಬತ್ತೆಂಟು ಒಂದು ಕಡೆ, ಎರಡು ಸಾವಿರದ ಮುನ್ನೂರ ಐವತ್ಮೂರು ಇನ್ನೊಂದು ಕಡೆ. ಎರಡನ್ನೂ ವರ್ಗ ಮಾಡಿ ಕೂಡಿಸಿದರೆ ಅದೇ ಸಂಖ್ಯೆ ತಿರುಗಿ ಬಂತು, ಒಂದಂಕಿಯೂ ಆಚೀಚೆಯಾಗದೆ. ಕತ್ತರಿಸಿದರೂ ತನ್ನನ್ನೇ ಕಟ್ಟಿಕೊಳ್ಳುವ ಸಂಖ್ಯೆ. ಫೋನು ಮಾಡಿ ಅಪ್ಪನಿಗೆ ಹೇಳಬೇಕೆಂದು ಎದ್ದು ಕೈ ಒರೆಸಿಕೊಂಡೆ. ಆಮೇಲೆ ಕೂತೆ.

ಆ ವಾರ ಕ್ಲಾಸಿನಲ್ಲಿ ಹದಿನೇಳರ ಮಗ್ಗಿಯನ್ನು ನಾನೇ ಹೇಳಿದೆ, ಬೋರ್ಡಿಗೆ ಬೆನ್ನು ಮಾಡಿ, ಮಕ್ಕಳ ಮುಖ ನೋಡುತ್ತಾ. ಅವರಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ.

ವರ್ಷದ ಪೂಜೆಯ ದಿನ ಬೆಳಿಗ್ಗೆ ಮೂವರೂ ಕುರುಗೋಡಿಗೆ ಹೋದೆವು. ಬಂಡೆಗಳು ಆಗಲೇ ಕಾಯತೊಡಗಿದ್ದವು. ಕಲ್ಲು ಕೆತ್ತುವವನು ಎರಡೂ ಕಲ್ಲುಗಳನ್ನು ನಿಲ್ಲಿಸಿ ಬುಡಕ್ಕೆ ಸಿಮೆಂಟು ಮೆತ್ತುತ್ತಿದ್ದ. ಅಪ್ಪನ ತಲೆಯ ಹತ್ತಿರ ದೊಡ್ಡದು, ಬೇವಿನ ಮರದ ಪಕ್ಕ ಮೊಳದುದ್ದದ್ದು. ಕನ್ನಡದ ಅಂಕಿಗಳನ್ನು ದುಂಡಗೆ ಕಡೆದಿದ್ದ.

“ಇವು ಏನ್ರಿ ಅಕ್ಕಾರ, ತಾರೀಖೂ ಅಲ್ಲ, ಇಸ್ವೀನೂ ಅಲ್ಲ?” ಎಂದು ನನ್ನನ್ನು ಕೇಳಿದ.

ನಾನು ಗಣಿತದ ಟೀಚರು, ವಿವರಿಸುವುದೇ ನನ್ನ ಕೆಲಸ. ಆದರೂ ಎಲ್ಲಿಂದ ಶುರು ಮಾಡಬೇಕೆಂದು ತೋಚಲಿಲ್ಲ. ಅವ್ವ ಅಪ್ಪನ ಕಲ್ಲಿಗೆ ವಿಭೂತಿ ಹಚ್ಚಿ, ಹೂವಿಟ್ಟು, ಬೇವಿನ ಮರದ ಕಡೆ ನಡೆದಳು. ಸಣ್ಣ ಕಲ್ಲಿನ ಮುಂದೆ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಕುಳಿತಳು.

“ಇವೆರಡೂ ಗುಣಿಸಿದ್ರ ಎಷ್ಟು ಆಗತೈತವ್ವಾ?” ಎಂದು ನನ್ನ ಕಡೆ ತಿರುಗದೆ ಕೇಳಿದಳು.

“ಹತ್ತು ಕೋಟಿ ಒಂದು.”

“ಸರಿ ಬಂತಲ್ಲ.”

ಕಲ್ಲಿನ ಹುಡಿ ಇನ್ನೂ ಅಂಕಿಗಳ ಸಂದಿನಲ್ಲಿತ್ತು. ಅವ್ವ ಸೆರಗಿನಿಂದ ಅದನ್ನು ಒರೆಸಿದಳು. ಮೊದಲು ಒಂದರ ಗುಂಡಿಯಲ್ಲಿ, ಆಮೇಲೆ ಏಳರ ತಿರುವಿನಲ್ಲಿ ಬೆರಳಾಡಿಸಿದಳು. ಆಮೇಲೆ, ನಾನು ಹುಟ್ಟಿದಂದಿನಿಂದ ಅವಳ ಬಾಯಲ್ಲಿ ಕೇಳದ ಮಾತನ್ನು, ಮಗುವನ್ನು ಹೆಸರು ಹಿಡಿದು ಕರೆಯುವ ಹಾಗೆ ಮೆಲ್ಲಗೆ ಹೇಳಿದಳು.

“ಹದಿನೇಳು.”